ಶಿವರಾಜ ಸರ್ ಕಟ್ಟಿದ ದ್ವೀಪ ಒಕ್ಕೂಟ

ಶಿವರಾಜ ಸರ್ ಯಾವ ಕಾಲೇಜಿನಲ್ಲೂ ಮೇಷ್ಟರಾಗಿರಲಿಲ್ಲ. ಬರ್ಕ್ಲಿಯಲ್ಲಿ ಹನ್ನೊಂದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಬಾರದೆ ನಾವೆಲ್ಲ ಸರ್ ಎನ್ನುತ್ತಿದ್ದೆವು, ಅವರೂ ಬೇಡ ಎನ್ನಲಿಲ್ಲ. ಹುಬ್ಬಳ್ಳಿಯವರು. ಐವತ್ತರ ಹತ್ತಿರದ ವಯಸ್ಸು, ಒಳ್ಳೆಯ ಎತ್ತರ, ಯಾವಾಗ ನೋಡಿದರೂ ಇಸ್ತ್ರಿ ಮಾಡಿದ ಅಂಗಿ. ಇಸ್ತ್ರಿ ಮಾಡುತ್ತಿದ್ದದ್ದು ಹೆಂಡತಿ ಗುರುಬಸವ್ವ. ಆಲ್ಬನಿಯ ವಿದ್ಯಾರ್ಥಿ ಕ್ವಾರ್ಟರ್ಸಿನಲ್ಲಿ ಅವರ ಕಣ್ಣೆದುರೇ ಬಂದವರು ಡಾಕ್ಟರೇಟು ಮುಗಿಸಿ, ಸ್ಟಾರ್ಟಪ್ಪು ಸೇರಿ, ಫ್ರೀಮಾಂಟಿನಲ್ಲಿ ಮನೆ ಕೊಂಡು ಹೊರಟುಹೋದರು. ಸರ್ ಮಾತ್ರ ಅದೇ ಮೇಜು, ಅದೇ ಟೇಬಲ್ ಲ್ಯಾಂಪು, ಗೋಡೆಯ ಮೇಲೆ ಅದೇ ಕೆರಿಬಿಯನ್ ಸಮುದ್ರದ ನಕ್ಷೆ.

ಆ ಸಮುದ್ರದ ಪುಟ್ಟ ದ್ವೀಪ ದೇಶಗಳೆಲ್ಲ ಒಂದೇ ದೇಶವಾಗುವುದು ಹೇಗೆ ಎಂಬುದು ಅವರ ಪ್ರಬಂಧದ ವಿಷಯ. ಸರ್ ಒಂದು ದ್ವೀಪಕ್ಕೂ ಕಾಲಿಟ್ಟವರಲ್ಲ. ಕೇಳಿದರೆ, "ಹತ್ರ ಹೋದ್ರ ಪೂರ್ತಿ ಚಿತ್ರ ಕಾಣೂದಿಲ್ರಿ" ಎನ್ನುತ್ತಿದ್ದರು.

ವಿಷಯವೇನೂ ಅಂಥ ಕಷ್ಟದ್ದಲ್ಲ. ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ್ದಕ್ಕೆ ಸರ್ ಅವರಿಗೆ ಹನ್ನೊಂದು ವರ್ಷವೂ ಸಾಲದಾಗಿತ್ತು, ಅಷ್ಟೆ. ಬ್ರಿಟಿಷರು ಹೊರಡುವ ಮೊದಲು, 1958ರಲ್ಲಿ, ಅಲ್ಲಿನ ಹತ್ತು ವಸಾಹತುಗಳನ್ನು ಸೇರಿಸಿ ಒಂದು ಫೆಡರೇಶನ್ ಮಾಡಿಕೊಟ್ಟರು. ರಾಜಧಾನಿ ಎಲ್ಲಿರಬೇಕು, ಯಾರ ಮಾತು ನಡೆಯಬೇಕು ಎಂದು ಕಿತ್ತಾಡಿಕೊಂಡು, ಎಲ್ಲಕ್ಕಿಂತ ದೊಡ್ಡದಾದ ಜಮೈಕಾ ತನ್ನ ಜನರ ಮತ ಕೇಳಿ ಹೊರನಡೆಯಿತು. 1962ಕ್ಕೆ ಫೆಡರೇಶನ್ ಬಾಗಿಲು ಹಾಕಿತು. ಎಂಬತ್ತರ ದಶಕದ ಕೊನೆಗೆ ಗ್ರೆನಡಾ, ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾ, ಡೊಮಿನಿಕಾ ಎಂಬ ನಾಲ್ಕು ಪುಟ್ಟ ದೇಶಗಳು ನಾವಾದರೂ ಒಂದಾಗೋಣ ಎಂದು ಸಭೆಯ ಮೇಲೆ ಸಭೆ ನಡೆಸಿದವು. ನಾಲ್ಕೂ ಸೇರಿದರೆ ನಮ್ಮ ಹಾಸನ ಜಿಲ್ಲೆಯ ಕಾಲು ಭಾಗದಷ್ಟು ಜನ. ನಾಲ್ಕಕ್ಕೂ ಆಗಲೇ ಒಂದೇ ಡಾಲರು, ಒಂದೇ ಸುಪ್ರೀಂ ಕೋರ್ಟು. ಆದರೂ ಸಭೆ ಮುಗಿದ ಮೇಲೆ ಎಲ್ಲರೂ ತಂತಮ್ಮ ಧ್ವಜ ಮಡಚಿಕೊಂಡು ತಂತಮ್ಮ ಮನೆಗೆ ಹೋದರು. ಅವರು ಬಿಟ್ಟುಹೋದದ್ದನ್ನು ಸರ್ ಎತ್ತಿಕೊಂಡು ಕೂತರು.

ಈ ಹುಚ್ಚಿಗೆ ಬೇರು ಹುಬ್ಬಳ್ಳಿಯಲ್ಲಿತ್ತು. ಸರ್ ಅವರ ತಂದೆ ಕರ್ನಾಟಕ ಏಕೀಕರಣಕ್ಕಾಗಿ ಜೈಲು ಕಂಡವರಂತೆ. ಗುರುಬಸವ್ವನ ಪ್ರಕಾರ ಮಾವನವರು ಒಂದು ಮಧ್ಯಾಹ್ನ ಪೊಲೀಸ್ ಠಾಣೆಯಲ್ಲಿ ಕೂತು, ಫೌಜದಾರರು ಕೊಟ್ಟ ಚಹಾ ಕುಡಿದು, ಊಟದ ಹೊತ್ತಿಗೆ ಮನೆಗೆ ಬಂದಿದ್ದರು. ಅದೇನೇ ಇರಲಿ, 1956ರಲ್ಲಿ ಕನ್ನಡದ ಸೀಮೆಗಳು ಒಂದಾದಾಗ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತಲ್ಲ, ಆ ನೋವು ಅವರನ್ನು ಸಾಯುವ ತನಕ ಬಿಡಲಿಲ್ಲ. ಕರ್ನಾಟಕ ಎಂಬ ಹೆಸರು ಬರಲು 1973ರವರೆಗೆ ಕಾಯಬೇಕಾಯಿತು. ಮಗನಿಗೆ ಆಸ್ತಿಯ ಬದಲು ಆ ನೋವನ್ನೇ ಬರೆದುಕೊಟ್ಟು ಹೋದರು.

"ನೋಡ್ರಿ ನಿಸರ್ಗಾ," ಎಂದು ಸರ್ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದರು, "ಮೊದಲ ಹೆಸರು, ಆಮ್ಯಾಲ ಸಹಿ. ಐವತ್ತಾರರಾಗ ಮೊದಲ ಕೂಡೂಣು, ಹೆಸರು ಆಮ್ಯಾಲ ನೋಡೂಣು ಅಂದ್ರು. ಹದಿನೇಳು ವರ್ಷ ನಾವು ನಮ್ಮ ರಾಜ್ಯದಾಗ ಬಾಡಿಗಿ ಮಂದಿ ಇದ್ದಂಗ ಇದ್ವಿ."

"ಹೆಸರಿಲ್ದ ಕೂಸು ಹಾಲು ಕುಡ್ಯಾಂಗಿಲ್ಲೇನ್ರಿ?" ಎಂದು ಗುರುಬಸವ್ವ ಅಡುಗೆಮನೆಯಿಂದ ಕೇಳುತ್ತಿದ್ದರು. ಅಡುಗೆಮನೆಯಿಂದ ಬಂದ ಪ್ರಶ್ನೆಗಳು ಸರ್ ಅವರ ಪ್ರಬಂಧದ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಇನ್ನು ಆ ಮನೆ ನಡೆಯುತ್ತಿದ್ದದ್ದು ಹೇಗೆ ಎಂದರೆ, ಗುರುಬಸವ್ವ ನಡೆಸುತ್ತಿದ್ದರು. ಗ್ರೀನ್ ಕಾರ್ಡು ಬಂದದ್ದೂ ಆಕೆಯ ಅಣ್ಣನಿಂದ. ಆಕೆ ವರ್ನಾ ಎಂಬ ಹೆಂಗಸಿನ ಜೊತೆ ಸೇರಿ, ಸ್ಯಾನ್ ಪಾಬ್ಲೋ ಅವೆನ್ಯೂ ಹಿಂದಿನ ಒಂದು ಹಳೇ ಹಾಲ್‌ನಲ್ಲಿ ಮಕ್ಕಳ ಡೇಕೇರ್ ನಡೆಸುತ್ತಿದ್ದರು. ವರ್ನಾ ಸೇಂಟ್ ವಿನ್ಸೆಂಟಿನ ಪಕ್ಕದ ಬೆಕ್ವೇ ಎಂಬ ಚುಕ್ಕೆಯಷ್ಟು ದ್ವೀಪದವಳು. ಅರವತ್ತರ ಹತ್ತಿರದವಳು, ಒಬ್ಬಂಟಿ, ದೊಡ್ಡ ದನಿ. ಲೈಸೆನ್ಸು ಅವಳ ಹೆಸರಿನಲ್ಲಿತ್ತು, ಕೆಲಸ ಇಬ್ಬರದೂ. ಹನ್ನೊಂದು ಮಕ್ಕಳು. ಶಿವರಾಜ ಸರ್ ದಂಪತಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಮೊದಲ ಮಗು ಬಾಗಿಲಿಗೆ ಬಂದಾಗ ಗುರುಬಸವ್ವನ ಮುಖ ನೋಡಿದ್ದರೆ ಆ ಹಾಲ್ ಆಕೆಗೆ ಏನಾಗಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹನ್ನೊಂದರಲ್ಲಿ ಒಬ್ಬಳು ನನ್ನ ಮಗಳು ಲಾಸ್ಯಾ. ನನ್ನ ಗಂಡ ಸಾಗರ್ ಸ್ಯಾನ್ ಹೊಸೆಗೆ ಓಡುತ್ತಿದ್ದ, ನಾನು ಎಮರಿವಿಲ್‌ನ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು. 1999ನೇ ಇಸವಿ, ಎರಡು ಸಾವಿರ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳ ಗಡಿಯಾರ ಕೆಡುತ್ತದೆ ಎಂಬ ಭಯದಲ್ಲಿ ಜಗತ್ತೆಲ್ಲ ಇತ್ತು, ನನಗೆ ಮೂತ್ರಕ್ಕೆ ಹೋಗಲೂ ಪುರುಸೊತ್ತಿರಲಿಲ್ಲ. ಮೂರು ವರ್ಷದ ಲಾಸ್ಯಾ ಮಾತ್ರ ಸುಖವಾಗಿದ್ದಳು. ವರ್ನಾ ಕೆಸುವಿನ ಸೊಪ್ಪಿಗೆ ತೆಂಗಿನಹಾಲು ಹಾಕಿ ಅವರ ಕಡೆಯ ಕಲಲೂ ಸಾರು ಮಾಡುತ್ತಿದ್ದಳು, ಗುರುಬಸವ್ವ ಜೋಳದ ರೊಟ್ಟಿ ತಟ್ಟುತ್ತಿದ್ದರು. ಮಕ್ಕಳು ರೊಟ್ಟಿಯನ್ನು ಕಲಲೂನಲ್ಲಿ ಅದ್ದಿ ತಿನ್ನುತ್ತಿದ್ದವು. ವರ್ನಾ ಗುರುಬಸವ್ವನಿಂದ ಕಲಿತ "ಬಾ ಇಲ್ಲಿ" ಎಂಬುದನ್ನು ತನ್ನ ದ್ವೀಪದ ರಾಗದಲ್ಲಿ ಎಳೆದು ಹೇಳುತ್ತಿದ್ದಳು. ನನ್ನ ಮಗಳು ಮನೆಯಲ್ಲಿ ಒಂದು ಕನ್ನಡ ಪದವನ್ನೂ ಆಡದವಳು, ತನ್ನ ಗೊಂಬೆಯನ್ನು ಅದೇ ರಾಗದಲ್ಲಿ "ಬಾಆ ಇಲ್ಲೀ, ಡಾರ್ಲಿಂಗ್" ಎಂದು ಕರೆಯುತ್ತಿದ್ದಳು. ಊರಿನಿಂದ ಬಂದಿದ್ದ ನನ್ನ ಅತ್ತೆ ನಂಜಮ್ಮ ಇದು ಯಾವ ಸೀಮೆಯ ಕನ್ನಡವೆಂದು ಕಕ್ಕಾಬಿಕ್ಕಿಯಾಗಿದ್ದರು.

ವಾರದ ಐದು ದಿನ ಹಾಲ್ ಮಕ್ಕಳದು. ಶನಿವಾರ ಮಾತ್ರ ದ್ವೀಪದವರದು. ನಮ್ಮ ಸುತ್ತಮುತ್ತಲ ಬೇ ಏರಿಯಾದಲ್ಲಿ ಆ ನಾಲ್ಕು ದೇಶಗಳ ಜನ ಒಂದೊಂದರದು ಇಪ್ಪತ್ತು ಮೂವತ್ತು ಮನೆ ಇದ್ದವೇನೋ. ಅಷ್ಟಕ್ಕೇ ನಾಲ್ಕು ಸಂಘ, ನಾಲ್ಕು ಅಧ್ಯಕ್ಷರು, ನಾಲ್ಕು ಧ್ವಜ. ಮೊದಲನೇ ಶನಿವಾರ ಗ್ರೆನಡಾ, ಎರಡನೆಯದು ಸೇಂಟ್ ಲೂಸಿಯಾ, ಹೀಗೆ. ಯಾವ ದ್ವೀಪದವರು ಬಂದರೂ ಅಡುಗೆ ಮಾತ್ರ ವರ್ನಾಳದೇ. ತಿಂಗಳಿನಲ್ಲಿ ಐದನೇ ಶನಿವಾರ ಬಿದ್ದರೆ ಹಾಲ್‌ಗೆ ಬೀಗ ಹಾಕಿರುತ್ತಿತ್ತು, ಯಾಕೆಂದರೆ ಅದು ಯಾರದೆಂದು ತೀರ್ಮಾನವಾಗಿರಲಿಲ್ಲ. ಶಿವರಾಜ ಸರ್ ಈ ಐದನೇ ಶನಿವಾರದ ಬಗ್ಗೆ ತಮ್ಮ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯ ಬರೆದಿದ್ದರು. ನಗು ಬಂತು, ಆದರೆ ನಗುವ ಹಕ್ಕು ನನಗಿರಲಿಲ್ಲ. ಇಲ್ಲಿನ ನಮ್ಮ ಕನ್ನಡದವರೂ ಸಂಕ್ರಾಂತಿಗೆ ಮಂಡ್ಯದ ಕಡೆಯವರ ಎಳ್ಳು ಬೇರೆ, ಧಾರವಾಡದ ಕಡೆಯವರ ಎಳ್ಳು ಬೇರೆ ಎಂದು ಎರಡು ಕಡೆ ಹಬ್ಬ ಮಾಡಿಕೊಂಡ ವರ್ಷ ಅದು.

ಸೆಪ್ಟೆಂಬರಿನಲ್ಲಿ ಹಾಲ್‌ನ ಮಾಲೀಕ ಸಿಲ್ವಾ ಬಂದ. ಪೋರ್ಚುಗೀಸ್ ಮೂಲದ ಮುದುಕ, ತನ್ನ ಮದುವೆಯೂ ಅದೇ ಹಾಲ್‌ನಲ್ಲಿ ಆದದ್ದೆಂದು ಮಕ್ಕಳಿಗೆಲ್ಲ ಹೇಳುತ್ತಿದ್ದ. ಅವನ ಮಾತು ನೇರವಾಗಿತ್ತು. ಇಂಟರ್ನೆಟ್ ಕಂಪನಿ ತೆರೆಯುವ ಹುಡುಗರು ದಿನಕ್ಕೆರಡು ಸಲ ಫೋನು ಮಾಡಿ ಹಾಲ್ ಕೇಳುತ್ತಿದ್ದಾರೆ. ಅವನಿಗೆ ಅವರು ಇಷ್ಟವಿಲ್ಲ. ಆದರೆ ಇನ್ನು ಮುಂದೆ ಡೇಕೇರಿನ ಜೊತೆ ಒಂದು ಕಾಗದ, ನಾಲ್ಕು ಸಂಘಗಳ ಜೊತೆ ನಾಲ್ಕು ಕಾಗದ ಎಂದು ಅಲೆಯುವ ವಯಸ್ಸು ಅವನದಲ್ಲ. ಐದು ವರ್ಷಕ್ಕೆ ಒಂದೇ ಲೀಸು, ಒಬ್ಬರೇ ಬಾಡಿಗೆದಾರರು, ಒಂದೇ ಸಹಿ. ಅಕ್ಟೋಬರ್ ಇಪ್ಪತ್ತೊಂಬತ್ತು, ಶುಕ್ರವಾರ ಸಂಜೆ ಐದರೊಳಗೆ ಕೊಟ್ಟರೆ ಹಾಲ್ ನಿಮ್ಮದು. ಬಾಡಿಗೆಯನ್ನೂ ಹೆಚ್ಚು ಮಾಡಲಿಲ್ಲ. ಕಾಗದ ಪತ್ರದ ವಿಷಯ ತಿಳಿದವರೆಂದು ಲೀಸನ್ನು ಶಿವರಾಜ ಸರ್ ಕೈಗೆ ಕೊಟ್ಟುಹೋದ. ಅವನು ಮಾಡಿದ ತಪ್ಪು ಅದೊಂದೇ.

ಸರ್ ಮುಖದಲ್ಲಿ ಅವತ್ತು ಕಂಡ ಕಳೆಯನ್ನು ನಾನು ಮರೆಯಲಾರೆ. ಡೇಕೇರ್ ಉಳಿಯಿತಲ್ಲ ಎಂಬ ಸಂತೋಷವಲ್ಲ ಅದು. ಹನ್ನೊಂದು ವರ್ಷ ಕಾಗದದ ಮೇಲೆ ಕೂಡಿಸಿದ ನಾಲ್ಕು ದ್ವೀಪಗಳು ಈಗ ಸಾಕ್ಷಾತ್ ಒಂದಾಗುತ್ತವೆ, ಅದೂ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ. ಪ್ರಬಂಧದ ಕೊನೆಯ ಅಧ್ಯಾಯ ತಾನಾಗಿ ಕಾಲ ಬಳಿ ಬಂದು ಬಿದ್ದಿತ್ತು.

ಎರಡು ವಾರದಲ್ಲಿ ನಲವತ್ತೆರಡು ಕಲಮುಗಳ ಸಂವಿಧಾನ ಬರೆದರು. ಮುನ್ನುಡಿಯೇ ಒಂದೂವರೆ ಪುಟ. ಅಧ್ಯಕ್ಷಗಿರಿ ಸರದಿಯ ಮೇಲೆ. ಐದನೇ ಶನಿವಾರಕ್ಕೆ ಒಂದು ಉಪಸಮಿತಿ. ಅದನ್ನೆಲ್ಲ ಝೆರಾಕ್ಸು ಮಾಡಿಸಿ, ಶನಿವಾರ ಶನಿವಾರ ಹೋಗಿ ಹಂಚಿದರು. ಸೋಜಿಗವೆಂದರೆ ನಲವತ್ತೆರಡು ಕಲಮುಗಳಿಗೂ ನಾಲ್ವರು ಅಧ್ಯಕ್ಷರು ಹೂಂ ಎಂದರು. ಓದಿರಲಿಲ್ಲ ಎಂದು ನನ್ನ ಗುಮಾನಿ. ಜಗಳ ಬಂದದ್ದು ಲೀಸಿನ ಮೊದಲ ಸಾಲಿನಲ್ಲಿ, ಬಾಡಿಗೆದಾರರ ಹೆಸರು ಎಂದು ಬಿಟ್ಟಿದ್ದ ಖಾಲಿ ಜಾಗಕ್ಕೆ.

ವಿಂಡ್‌ವರ್ಡ್ ಯೂನಿಯನ್ ಎಂದಿಡೋಣ ಎಂದರು ಸರ್, ಆ ನಾಲ್ಕಕ್ಕೂ ಸೇರಿ ಭೂಗೋಳದಲ್ಲಿ ಇರುವ ಹೆಸರು ಅದು. ಡೊಮಿನಿಕಾದ ಅಧ್ಯಕ್ಷೆ ಆಸ್ಪತ್ರೆಯ ನರ್ಸು, ಆಕೆ ಎದ್ದು ನಿಂತಳು. 1940ರ ತನಕ ಬ್ರಿಟಿಷರು ನಮ್ಮನ್ನು ಪಕ್ಕದ ಲೀವರ್ಡ್ ದ್ವೀಪಗಳ ಗುಂಪಿನಲ್ಲಿ ಇಟ್ಟಿದ್ದರು, ನಮ್ಮನ್ನು ಯಾರೂ ಕೇಳದೆ ಈ ಕಡೆ ಹಾಕಿದರು, ಆ ಹೆಸರು ನಮಗೆ ಬೇಡ ಎಂದಳು. ನಾಲ್ಕು ದ್ವೀಪಗಳ ಸಂಘ ಎಂದರೆ, ಗ್ರೆನಡಾದ ಅಧ್ಯಕ್ಷ, ಬಸ್ ಡ್ರೈವರು, ನಮ್ಮ ದೇಶದಲ್ಲೇ ಮೂರು ದ್ವೀಪ ಇವೆಯಲ್ಲ, ಉಳಿದ ಎರಡನ್ನು ಸಮುದ್ರಕ್ಕೆ ಹಾಕುತ್ತೀರಾ ಎಂದ. ನಾಲ್ಕೂ ಹೆಸರನ್ನು ಬರೆಯೋಣ ಎಂದರೆ ಯಾವುದು ಮೊದಲು? ಅಕ್ಷರದ ಕ್ರಮ ಎಂದಾಗ ಸೇಂಟ್ ಲೂಸಿಯಾದವನೂ ಸೇಂಟ್ ವಿನ್ಸೆಂಟಿನವನೂ, ಯಾವಾಗಲೂ ನಾವೇ ಕೊನೆ, ಶಾಲೆಯಲ್ಲೂ ಹೀಗೇ ಮಾಡುತ್ತಿದ್ದರು ಎಂದು ಮುಖ ಊದಿಸಿದರು. ಆ ಇಬ್ಬರು ಒಂದಾದದ್ದು ಅದೊಂದೇ ಸಲ.

ಅಡುಗೆಮನೆಯ ಕಿಟಕಿಯಿಂದ ವರ್ನಾ ಕೂಗಿದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುವುದಾದರೆ ಹೀಗೆ: "ನೀವೆಲ್ಲ ಇಲ್ಲಿ ಸೇರೋದು ಶನಿವಾರ. ಸ್ಯಾಟರ್ಡೇ ಕ್ಲಬ್ ಅಂತ ಬರೀರಿ. ಬರೆದು ಊಟಕ್ಕೆ ಬನ್ನಿ."

ಎಲ್ಲರೂ ನಕ್ಕರು. ಸರ್ ಕೂಡ ದೊಡ್ಡ ಮನಸ್ಸು ಮಾಡಿ ನಕ್ಕರು. ಒಂದು ಒಕ್ಕೂಟಕ್ಕೆ ಚರಿತ್ರೆಯ ಘನತೆ ಇರಬೇಕು ಎಂದು ವಿವರಿಸಿದರು. ವರ್ನಾ ಮಾಡಿಟ್ಟ ಮೀನು ತಣ್ಣಗಾಯಿತು.

ಅಕ್ಟೋಬರ್ ಹೀಗೇ ಕಳೆಯಿತು. ಗುರುಬಸವ್ವ ರೊಟ್ಟಿ ಬಡಿಯುವ ಸದ್ದು ದಿನದಿಂದ ದಿನಕ್ಕೆ ಜೋರಾಯಿತು. ಒಂದು ಸಂಜೆ ಲಾಸ್ಯಾಳ ಶೂ ಹಾಕುತ್ತಾ ನನ್ನ ಹತ್ತಿರ ಕೇಳಿದರು, "ತಂಗಿ, ನೀ ಓದಿದಾಕಿ. ಈ ಕಾಗದಕ್ಕ ವರ್ನಾ ಒಬ್ಬಾಕಿನ ಸಹಿ ಹಾಕಿದ್ರ ನಡೀತೈತೋ ಇಲ್ಲೋ?"

"ನಡೆಯತ್ತೆ ಅಕ್ಕ. ಸಿಲ್ವಾಗೆ ಒಂದು ಸಹಿ ಬೇಕು ಅಷ್ಟೆ."

"ಹಂಗಾರ ಇವರಿಗೆ ಹೇಳು. ನಾ ಹೇಳಿದ್ರ ಕೇಳಾಂಗಿಲ್ಲ."

ನಾನು ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಅಜ್ಞಾನವನ್ನು ಕ್ಷಮಿಸಿದರು. "ವರ್ನಾ ಸೇಂಟ್ ವಿನ್ಸೆಂಟಿನಾಕಿ. ಆಕಿ ಸಹಿ ಹಾಕಿದ್ರ ಉಳಿದ ಮೂರು ಮಂದಿ, ಸೇಂಟ್ ವಿನ್ಸೆಂಟ್ ನಮ್ಮನ್ನ ನುಂಗ್ತು ಅಂತಾರ. ಮೈಸೂರು ನಮ್ಮನ್ನ ನುಂಗಿದ್ದು ಹಿಂಗ ಅಲ್ಲೇನ್ರಿ?"

ಹಳೇ ಮೈಸೂರಿನ ಹಾಸನದವಳಾದ ನನ್ನನ್ನೂ ಆ ನುಂಗಿದವರ ಲೆಕ್ಕಕ್ಕೆ ಸೇರಿಸಿದಂತಾಯಿತು. ವರ್ನಾಳಿಗೆ ಇದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಕ್ವೇಯವಳಿಗೆ ಸೇಂಟ್ ವಿನ್ಸೆಂಟೇ ಪರದೇಶವಂತೆ. ಆದರೂ ನಾಲ್ಕು ಸಂಘಗಳನ್ನೂ ಎದುರು ಹಾಕಿಕೊಳ್ಳಲು ಅವಳು ಒಪ್ಪಲಿಲ್ಲ. ಶನಿವಾರ ಅವರಿಗೆ ಬಡಿಸಿದರೇ ಅವಳಿಗೂ ತನ್ನವರ ನಡುವೆ ಇದ್ದಂತೆ. "ಪ್ರೊಫೆಸರ್ ಓದಿದವನು, ಏನೋ ಯೋಚನೆ ಮಾಡಿರ್ತಾನೆ" ಎಂದಳು. ಓದಿದವರ ಮೇಲೆ ಓದದವರಿಗೆ ಇರುವ ಈ ನಂಬಿಕೆ ಎಷ್ಟು ಮನೆ ಹಾಳು ಮಾಡಿದೆಯೋ.

ಇಪ್ಪತ್ತೊಂಬತ್ತರ ಶುಕ್ರವಾರ ನಾನು ಬೇಗ ಹೊರಟು ನಾಲ್ಕಕ್ಕೇ ಹಾಲ್‌ಗೆ ಬಂದೆ. ಮಕ್ಕಳು ಹ್ಯಾಲೋವೀನಿಗೆ ಕುಂಬಳಕಾಯಿಗೆ ಬಣ್ಣ ಹಚ್ಚುತ್ತಿದ್ದವು. ಮೂಲೆಯ ಉದ್ದ ಮೇಜಿನ ಈಚೆ ಸಿಲ್ವಾ, ಆಚೆ ಸರ್, ನಡುವೆ ಲೀಸು. ಉಳಿದೆಲ್ಲ ತುಂಬಿತ್ತು, ಮೊದಲ ಸಾಲು ಖಾಲಿ. ಅಧ್ಯಕ್ಷರಲ್ಲಿ ಗ್ರೆನಡಾದ ಬಸ್ ಡ್ರೈವರು ಮಾತ್ರ ಯೂನಿಫಾರ್ಮಿನಲ್ಲೇ ಬಂದು ನಿಂತಿದ್ದ, ಉಳಿದವರು ಫೋನಿನಲ್ಲಿ.

ಸಿಲ್ವಾ ಕೈಗಡಿಯಾರ ನೋಡಿದ. "ಡಾಕ್ಟರ್, ಏನಾದರೂ ಬರಿ. ನಿನ್ನ ನಾಯಿಯ ಹೆಸರು ಬರಿ. ನನಗೆ ಅಡ್ಡಿಯಿಲ್ಲ."

"ಮಿಸ್ಟರ್ ಸಿಲ್ವಾ, ಸೋಮವಾರ ಕೊಡುತ್ತೇನೆ," ಎಂದರು ಸರ್ ಇಂಗ್ಲಿಷಿನಲ್ಲಿ. "ಹೆಸರು ಬಹುಮಟ್ಟಿಗೆ ತೀರ್ಮಾನವಾಗಿದೆ. ಸೋಮವಾರ ನವೆಂಬರ್ ಒಂದು. ನಮ್ಮ ರಾಜ್ಯ ಹುಟ್ಟಿದ ದಿನ. ನಾಲ್ಕು ದ್ವೀಪಗಳೂ ಅಂದೇ ಒಂದಾಗಲಿ."

ಸಿಲ್ವಾನಿಗೆ ಒಂದಕ್ಷರ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಆದ್ದರಿಂದಲೇ ಮೈಯೆಲ್ಲ ಉರಿದುಹೋಯಿತು. ಸೇಂಟ್ ಲೂಸಿಯಾಕ್ಕೂ ಕನ್ನಡ ರಾಜ್ಯೋತ್ಸವಕ್ಕೂ ಎತ್ತಣ ಸಂಬಂಧ?

ಗುರುಬಸವ್ವ ಕೈಯಲ್ಲಿದ್ದ ಬಣ್ಣದ ಕುಂಚವನ್ನು ಹಾಗೇ ಹಿಡಿದು ಬಂದರು. "ಏನ್ರಿ, ಕೈ ಮುಗೀತೀನಿ. ಈಗ ಸಹಿ ಮಾಡಸ್ರಿ. ವರ್ನಾ ಇಲ್ಲೇ ಅದಾಳ."

"ಗುರವ್ವಾ, ಎರಡ ದಿನ. ಎರಡ ದಿನದಾಗ ಆಕಾಶ ಬೀಳ್ತೈತೇನು?"

"ನನ್ನ ಮಕ್ಕಳು ಎಲ್ಲಿ ಹೋಗಬೇಕ್ರಿ?"

ಆಕೆ ನನ್ನ ಮಕ್ಕಳು ಎಂದರು. ಸರ್ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕಾಗದವನ್ನು ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ವರ್ನಾ ಎಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ, ಪೆನ್ನು ಸಿಕ್ಕೀತೆಂದು ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಬಸ್ ಡ್ರೈವರು ನೆಲ ನೋಡಿದ. ನಾನು? ಬ್ಯಾಗಿನಿಂದ ಕಾಗದ ಕಿತ್ತುಕೊಂಡು ಆ ಖಾಲಿ ಸಾಲಿನಲ್ಲಿ ಸ್ಯಾಟರ್ಡೇ ಕ್ಲಬ್ ಎಂದು ಬರೆದು ವರ್ನಾಳ ಕೈಗೆ ಕೊಡಬಹುದಿತ್ತು. ಹಿರಿಯರು, ಸರ್ ಎಂದು ಕರೆದ ಬಾಯಿ, ಹೇಗೆ ಎದುರಾಡುವುದು ಎಂದು ಸುಮ್ಮನಿದ್ದೆ. ಐದೂವರೆಗೆ ನನಗೊಂದು ಕಾನ್ಫರೆನ್ಸ್ ಕಾಲ್ ಬೇರೆ ಇತ್ತು. ಲಾಸ್ಯಾಳನ್ನು ಎತ್ತಿಕೊಂಡು ಹೊರಟೆ. ಸರ್ ಅವರನ್ನು ಬೈಯುವಾಗಲೆಲ್ಲ ಆ ಕಾಲ್ ನೆನಪಾಗುತ್ತದೆ, ಅದರಲ್ಲಿ ಏನು ಮಾತಾಡಿದೆವೋ ಒಂದೂ ನೆನಪಿಲ್ಲ.

ಸಿಲ್ವಾ ಐದು ಗಂಟೆಯವರೆಗೆ ಕುರ್ಚಿಯಲ್ಲಿ ಕೂತಿದ್ದನಂತೆ. ಆಮೇಲೆ ಎದ್ದು ಹೋಗಿ, ಶನಿವಾರ ಬೆಳಿಗ್ಗೆ ಇಂಟರ್ನೆಟ್ಟಿನ ಹುಡುಗರಿಗೆ ಹಾಲ್ ಬರೆದುಕೊಟ್ಟ. ಅದು ಅಕ್ಟೋಬರಿನ ಐದನೇ ಶನಿವಾರ. ಹಾಲ್‌ಗೆ ಬೀಗ ಬಿದ್ದಿತ್ತು, ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸೋಮವಾರ ಸರ್ ಹಳದಿ ಕೆಂಪು ಶಾಲು ಹೊದ್ದು, ನಾಲ್ವರು ಅಧ್ಯಕ್ಷರನ್ನು ಕರೆದುಕೊಂಡು, ಇನ್ನೂ ಹೆಸರಿಲ್ಲದ ಲೀಸು ಹಿಡಿದು ಸಿಲ್ವಾನ ಮನೆಗೆ ಹೋದರು. ಅವನು ಬಾಗಿಲಲ್ಲೇ ವಿಷಯ ಹೇಳಿದ. ಬರುವ ದಾರಿಯಲ್ಲಿ ನಾಲ್ವರೂ, ತಪ್ಪು ಉಳಿದ ಮೂವರದೆಂದು ವಾದ ಮಾಡಿದರಂತೆ.

ಡೇಕೇರ್ ಡಿಸೆಂಬರಿನಲ್ಲಿ ಮುಚ್ಚಿತು. ಬೇರೆ ಜಾಗಕ್ಕಾಗಿ ಗುರುಬಸವ್ವ ಮತ್ತು ವರ್ನಾ ಹೇವರ್ಡಿನಿಂದ ರಿಚ್ಮಂಡಿನವರೆಗೆ ಅಲೆದರು. ಆ ವರ್ಷ ಬೇ ಏರಿಯಾದಲ್ಲಿ ಕಾರು ನಿಲ್ಲಿಸುವ ಶೆಡ್ಡಿಗೂ ಒಬ್ಬ ಡಾಟ್ ಕಾಮಿನವನು ಕ್ಯೂ ನಿಂತಿದ್ದ. ಕೊನೆಯ ದಿನ ವರ್ನಾ ದೊಡ್ಡ ಪಾತ್ರೆಯಲ್ಲಿ ಕಲಲೂ ಮಾಡಿದಳು. ಗುರುಬಸವ್ವ ರೊಟ್ಟಿ ಮಾಡಿ ಹನ್ನೊಂದು ಡಬ್ಬಿಗೆ ಹಾಕಿ, ಒಂದೊಂದು ಮಗುವಿನ ಹೆಸರು ಬರೆದು ಅಂಟಿಸಿದ್ದರು. ಒಂದಕ್ಕೂ ಮೀಟಿಂಗು ಬೇಕಾಗಿರಲಿಲ್ಲ. ಫೆಬ್ರುವರಿಯಲ್ಲಿ ವರ್ನಾ ತನ್ನ ತಂಗಿಯ ಹತ್ತಿರ ಬ್ರೂಕ್ಲಿನ್‌ಗೆ ಹೊರಟುಹೋದಳು. ಮಕ್ಕಳು ಒಂದು ಅಲಮೇಡಾಕ್ಕೆ, ಒಂದು ಮಾರ್ಗನ್ ಹಿಲ್‌ಗೆ, ಹೀಗೆ ಚೆಲ್ಲಾಪಿಲ್ಲಿ. ನಾವು ಲಾಸ್ಯಾಳ ಮುಂದಿನ ಸ್ಕೂಲಿನ ನೆಪ ಹೇಳಿಕೊಂಡು ಕ್ಯುಪರ್ಟಿನೋಗೆ ಬಂದೆವು. ಅಲ್ಲಿನ ಡೇಕೇರಿನಲ್ಲಿ ಮಕ್ಕಳಿಗೆ ಒಂದೇ ಬಣ್ಣದ ಚಾಪೆ, ಒಂದೇ ಅಳತೆಯ ಬಿಸ್ಕತ್ತು. ಮೂರು ತಿಂಗಳಲ್ಲಿ ಗೊಂಬೆಯನ್ನು "ಬಾಆ ಇಲ್ಲೀ" ಎಂದು ಕರೆಯುವುದು ನಿಂತುಹೋಯಿತು. ಗುರುಬಸವ್ವ ಒಂದು ಗ್ರೋಸರಿ ಅಂಗಡಿಯಲ್ಲಿ ತರಕಾರಿ ತೂಗುವ ಕೆಲಸಕ್ಕೆ ಸೇರಿದರು.

ಹಾಲ್ ಹಿಡಿದ ಹುಡುಗರು ನೆರೆಹೊರೆಯ ಜನರನ್ನೆಲ್ಲ ಇಂಟರ್ನೆಟ್ಟಿನಲ್ಲಿ ಒಂದುಗೂಡಿಸುತ್ತೇವೆ ಎಂದು ಬೋರ್ಡು ಹಾಕಿದ್ದರು. ಇದ್ದ ನೆರೆಹೊರೆಯನ್ನು ಎಬ್ಬಿಸಿ ಓಡಿಸಿದ ಮೇಲೆ. ವರ್ನಾಳ ಒಲೆ ಇದ್ದ ಜಾಗದಲ್ಲಿ ಕಾಫಿ ಮಷೀನು, ಮಕ್ಕಳು ಮಲಗುತ್ತಿದ್ದಲ್ಲಿ ಫೂಸ್‌ಬಾಲ್ ಟೇಬಲ್ಲು. ಸರ್ ಒಂದು ಸಲ ಹೋಗಿ, ಹಾಲ್ ನಮ್ಮದಾಗಿತ್ತು, ನಿಮ್ಮ ಯೋಜನೆಗೆ ನನ್ನ ಸಂವಿಧಾನ ಉಪಯೋಗವಾದೀತು ಎಂದು ನಲವತ್ತೆರಡು ಕಲಮುಗಳನ್ನು ಕೊಟ್ಟುಬಂದರಂತೆ. ಹುಡುಗರು ಸರ್ ಅವರಿಗೆ ಒಂದು ಟೀ ಶರ್ಟು ಕೊಟ್ಟು ಕಳಿಸಿದರು. ಸರ್ ಅದನ್ನೂ ಇಸ್ತ್ರಿ ಮಾಡಿಸಿ ಹಾಕಿಕೊಂಡರು.

ಇದಾಗಿ ಒಂದು ವರ್ಷಕ್ಕೆ, 2001ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಸರ್ ನಮ್ಮನ್ನು ಊಟಕ್ಕೆ ಕರೆದರು. ಪಿಎಚ್.ಡಿ. ಮುಗಿದಿತ್ತು. ಕಪ್ಪು ರಟ್ಟಿನ ದಪ್ಪ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ಕೊನೆಯ ಅಧ್ಯಾಯ ನಮ್ಮ ಹಾಲ್‌ನದೇ. ಪುಟ್ಟ ದ್ವೀಪಗಳ ಜನ ತಮ್ಮ ಪುಟ್ಟ ಅಭಿಮಾನ ಬಿಡಲಾರದೆ ಒಕ್ಕೂಟವನ್ನು ಕೆಡಿಸಿಕೊಳ್ಳುತ್ತಾರೆ ಎಂದು ಐವತ್ತು ಪುಟಗಳಲ್ಲಿ ಸಾಬೀತು ಮಾಡಿದ್ದರು. ಲೀಸು ಯಾರ ಬ್ಯಾಗಿನಲ್ಲಿತ್ತು ಎಂಬುದು ಎಲ್ಲೂ ಇರಲಿಲ್ಲ. ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರರು, ನಾಲ್ವರು ಅಧ್ಯಕ್ಷರು, ಏಕೀಕರಣದ ಅಪ್ಪ, ಎಲ್ಲರೂ ಇದ್ದರು. ಗುರುಬಸವ್ವ ಇರಲಿಲ್ಲ, ವರ್ನಾ ಇರಲಿಲ್ಲ. ನಾನು ಪುಟ ತಿರುಗಿಸಿ ತಿರುಗಿಸಿ ನೋಡಿದೆ. ಅದನ್ನು ಅವರ ಮುಖಕ್ಕೆ ಎಸೆಯುವ ಆಸೆಯಾಯಿತು.

"ಇನ್ನೊಂದು ಸುದ್ದಿ ಐತ್ರಿ," ಎಂದರು ಸರ್, ಗಿರ್ಮಿಟ್ಟಿನ ತಟ್ಟೆ ಕೆಳಗಿಟ್ಟು. "ನಾ ಬಿಟ್ಟಿಲ್ಲ. ಹದಿನಾಲ್ಕು ತಿಂಗಳು ನಾಲ್ಕೂ ಮಂದಿಗೆ ಈಮೇಲ್ ಮಾಡ್ಕೋತ ಬಂದೆ. ಹೋದ ವಾರ ಹೆಸರಿಗೆ ಎಲ್ಲಾರೂ ಒಪ್ಪಿದ್ರು. ಯಾರಿಗೂ ತಕರಾರಿಲ್ಲದ ಹೆಸರು."

"ಏನು ಸರ್ ಹೆಸರು?"

"ಸ್ಯಾಟರ್ಡೇ ಕ್ಲಬ್."

ಗುರುಬಸವ್ವ ಚಹಾ ಸೋಸುತ್ತಿದ್ದವರು ಸೋಸುತ್ತಲೇ ಇದ್ದರು. ಆಗಲೇ ಫೋನು ಬಂತು. ಸಿಲ್ವಾ. ಮುದುಕನಿಗೆ ಕಿವಿ ಮಂದವಾಗಿ, ಅವನ ಕೂಗು ನಮಗೆಲ್ಲ ಕೇಳುತ್ತಿತ್ತು. ಇಂಟರ್ನೆಟ್ಟಿನ ಹುಡುಗರು ದಿವಾಳಿಯೆದ್ದು ಕಾಫಿ ಮಷೀನನ್ನೂ ಬಿಟ್ಟು ಓಡಿಹೋಗಿದ್ದಾರೆ. ಹಾಲ್ ಖಾಲಿ ಬಿದ್ದಿದೆ. ಆ ಇಬ್ಬರು ಹೆಂಗಸರು ಬರುತ್ತಾರಾ? ಹಳೇ ಬಾಡಿಗೆಯೇ ಸಾಕು.

ಸರ್ ಫೋನಿನ ಬಾಯಿಗೆ ಕೈ ಮುಚ್ಚಿದರು. ಆ ಮುಖದಲ್ಲಿ ಮತ್ತೆ ಅದೇ ಕಳೆ. "ಗುರವ್ವಾ, ಕೇಳಿದೇನು? ಹಾಲ್ ಸಿಗತೈತಿ! ಹೆಸರೂ ತಯಾರ್ ಐತಿ!"

ಗುರುಬಸವ್ವ ಚಹಾದ ಲೋಟಗಳನ್ನು ಒಂದೊಂದಾಗಿ ನಮ್ಮ ಮುಂದೆ ಇಟ್ಟರು. ಗಂಡನ ಲೋಟವನ್ನೂ ಇಟ್ಟರು. ಆಮೇಲೆ, ದನಿ ಏರಿಸದೆ ಹೇಳಿದರು:

"ಚಲೋ ಆತ್ರಿ. ಹೆಸರು ತಯಾರಾತು. ಇನ್ನ ಬ್ರೂಕ್ಲಿನ್‌ಗೆ ಹೋಗಿ ವರ್ನಾನ್ನ ಕರಕೊಂಡ ಬರ್ರಿ. ಆಮ್ಯಾಲ ಒಂದೊಂದ ಊರಿಗೆ ಹೋಗಿ, ಒಂದೊಂದ ಮನಿ ಬಾಗಿಲಾ ಬಡದು, ನನ್ನ ಹನ್ನೊಂದೂ ಕೂಸುಗಳನ್ನ ಕರಕೊಂಡ ಬರ್ರಿ. ಬಂದ್ರ ಅವಕ್ಕ ನಿಮ್ಮ ಹೆಸರು ಹೇಳೂಣು."

ಫೋನಿನೊಳಗೆ ಸಿಲ್ವಾ ಹಲೋ, ಹಲೋ ಎನ್ನುತ್ತಿದ್ದ. ನೆಲದ ಮೇಲೆ ಬಣ್ಣ ಹಚ್ಚುತ್ತಾ ಕೂತಿದ್ದ ಲಾಸ್ಯಾ ತಲೆಯೆತ್ತಿ ಗುರುಬಸವ್ವನನ್ನು ನೋಡಿದಳು, ಆಮೇಲೆ ನನ್ನನ್ನು.

"ಅಮ್ಮಾ," ಎಂದಳು, "ಹೂ ಈಸ್ ವರ್ನಾ?"